ಲಿಂಕನ್ ಕೊಲೆ ಬಗ್ಗೆ ಯಾವ ಬುಕ್ ಓದ್ಬೇಕು? ಮೊದ್ಲು ಆ ಮುರಿದ ಕಾಲು ನೋಡಿ

(ಸ್ಕ್ರೀನ್ ಮೇಲೆ: ಫೋರ್ಡ್ಸ್ ಥಿಯೇಟರ್, ಹಳೇ ಫೋಟೋ)

ನಮಸ್ಕಾರ. 1865, ಏಪ್ರಿಲ್ 14, ಗುಡ್ ಫ್ರೈಡೇ. ರಾತ್ರಿ ಹತ್ತು ದಾಟಿದೆ, ವಾಷಿಂಗ್ಟನ್‌ನ ಫೋರ್ಡ್ಸ್ ಥಿಯೇಟರಲ್ಲಿ ಕಾಮಿಡಿ ನಾಟಕ ನಡೀತಿದೆ, ಸ್ಟೇಜ್ ಮೇಲೆ ಒಬ್ಬನೇ ನಟ ಇದಾನೆ, ಜನ ಬಿದ್ದು ಬಿದ್ದು ನಗೋ ಡೈಲಾಗ್ ಬರುತ್ತೆ, ಆ ನಗುವಿನ ಮಧ್ಯೆನೇ ಸ್ಟೇಜ್ ಪಕ್ಕ ಎತ್ತರದಲ್ಲಿ ಲಿಂಕನ್ ಕೂತಿದ್ದ ಬಾಲ್ಕನಿ ಬಾಕ್ಸಿಂದ ಢಮ್ ಅಂತ ಸೌಂಡು. ಒಂದೇ ಒಂದು ಗುಂಡು ಹಿಡಿಯೋ ಪುಟ್ಟ ಡೆರಿಂಜರ್ ಪಿಸ್ತೂಲು. ಹೊಡೆದೋನು ಜಾನ್ ವಿಲ್ಕ್ಸ್ ಬೂತ್, ಅವನೂ ನಟನೇ, ಆ ಥಿಯೇಟರಿನ ಮೂಲೆಮೂಲೆ ಗೊತ್ತಿದ್ದೋನು. ಬಾಕ್ಸಲ್ಲಿದ್ದ ಮೇಜರ್ ರಾತ್‌ಬೋನ್ ಹಿಡ್ಕೊಳ್ಳೋಕೆ ಬಂದ್ರೆ ಅವನಿಗೆ ಚಾಕು ಬೀಸಿ, ಅಲ್ಲಿಂದ ಸ್ಟೇಜಿಗೆ ಹಾರಿ, ಹಿಂಬಾಗಿಲಿಂದ ಹೊರಗೆ ಬಂದು ಕುದುರೆ ಹತ್ತಿ ಮಾಯ. ಬೆಳಗಿನ ಜಾವ ಮೇರಿಲ್ಯಾಂಡಲ್ಲಿ ಡಾಕ್ಟರ್ ಸ್ಯಾಮ್ಯುಯೆಲ್ ಮಡ್ ಅನ್ನೋರ ಮನೆ ಬಾಗಿಲು ತಟ್ಟೋ ಹೊತ್ತಿಗೆ ಅವನ ಎಡಗಾಲಿನ ಮೂಳೆ ಮುರಿದಿತ್ತು, ಪಾದದ ಗಂಟಿಗಿಂತ ಸ್ವಲ್ಪ ಮೇಲೆ.

ಈಗ ಪ್ರಶ್ನೆ. ಆ ಕಾಲು ಮುರಿದಿದ್ದು ಎಲ್ಲಿ?

ಇದೇನ್ ಗುರೂ ಪ್ರಶ್ನೆ, ಹಾರಿದಾಗ ಮುರೀತು ಅಂತೀರಾ. ನಾನೂ ಹಂಗೇ ಅಂದ್ಕೊಂಡಿದ್ದೆ. ಲಿಂಕನ್ ಕೊಲೆ ಬಗ್ಗೆ ಬುಕ್ಕುಗಳು ಲೆಕ್ಕ ಇಲ್ದಷ್ಟಿವೆ, ಹೊಸದು ಕೈಗೆ ಬಂದ್ರೆ ನಾನು ಮೊದಲನೇ ಪುಟ ಓದಲ್ಲ, ಸೀದಾ ಕಾಲು ಮುರಿಯೋ ಪುಟಕ್ಕೆ ಹೋಗ್ತೀನಿ. ಅಲ್ಲಿ ಆ ಲೇಖಕ ಏನ್ ಮಾಡ್ತಾನೆ ಅಂತ ನೋಡಿದ್ರೆ ಉಳಿದ ಬುಕ್ ಹೆಂಗಿರುತ್ತೆ ಅಂತ ಸುಮಾರಾಗಿ ಗೊತ್ತಾಗುತ್ತೆ, ಅನ್ನ ಬೆಂದಿದೆಯಾ ಅಂತ ಒಂದು ಅಗುಳು ಹಿಚುಕಿ ನೋಡ್ತೀವಲ್ಲ, ಹಂಗೆ.

(ಸ್ಕ್ರೀನ್ ಮೇಲೆ: ಪುಟ್ಟ ಡೈರಿಯ ಚಿತ್ರ)

ಹಾರಿದಾಗ ಮುರೀತು ಅಂತ ಹೇಳಿದ್ದು ಬೂತೇ. ಓಡಿಹೋಗ್ತಾ ಪೊದೆಯಲ್ಲಿ ಬಚ್ಚಿಟ್ಕೊಂಡಿದ್ದಾಗ ಜೇಬಲ್ಲಿದ್ದ 1864ರ ಒಂದು ಹಳೇ ಪಾಕೆಟ್ ಡೈರಿಯಲ್ಲಿ ಬರೆದ. ಸರಿ, ಮಾಡಿದೋನೇ ಹೇಳಿದ್ಮೇಲೆ ಇನ್ನೇನು ಬೇಕು? ಆದ್ರೆ ಅದೇ ಡೈರಿಯಲ್ಲಿ ಅವನು ಇನ್ನೇನೇನ್ ಬರೆದಿದಾನೆ ನೋಡಿ. ಲಿಂಕನ್ ಪಕ್ಕದಲ್ಲಿ ಒಬ್ಬ ಕರ್ನಲ್ ಇದ್ದ ಅಂತಾನೆ, ಇದ್ದಿದ್ದು ಮೇಜರ್. ಆ ರಾತ್ರಿ ಮೂಳೆ ಮಾಂಸ ಸೀಳ್ತಾ ಇದ್ರೂ 60 ಮೈಲಿ ಕುದುರೆ ಓಡಿಸ್ದೆ ಅಂತಾನೆ, ಮಡ್ ಮನೆವರೆಗೆ ಇರೋದು ಸುಮಾರು ಅದರ ಅರ್ಧ. ಗುಂಡು ಹೊಡೆಯೋಕೆ ಮುಂಚೆನೇ ಲ್ಯಾಟಿನ್‌ನಲ್ಲಿ ಘೋಷಣೆ ಕೂಗ್ದೆ ಅಂತಾನೆ, ನಾಟಕ ನೋಡ್ತಿದ್ದ ಸುಮಾರು ಜನ ಅದನ್ನ ಕೇಳಿದ್ದು ಗುಂಡು ಹಾರಿದ್ಮೇಲೆ. ಅಂದ್ರೆ ತನ್ನ ಸೀನನ್ನ ತಾನೇ ಸ್ವಲ್ಪ ಏರಿಸಿ ಬರ್ಕೊಂಡಿದಾನೆ. ನಟ ಅಲ್ವಾ.

ಈ ಕಡೆ ಡಾಕ್ಟರ್ ಮಡ್ ತನಿಖೆಯವರ ಮುಂದೆ ಹೇಳಿದ್ದೇ ಬೇರೆ. ಕುದುರೆ ಬಿದ್ದು ಕಾಲು ಮುರೀತು ಅಂತ ಪೇಷಂಟೇ ಹೇಳ್ದ ಅಂತ. ಆದ್ರೆ ಬೂತ್ ಡಾಕ್ಟರ್ ಮುಂದೆ ಕೂತು ಪ್ರೆಸಿಡೆಂಟನ್ನ ಕೊಂದು ಹಾರಿದಾಗ ಮುರೀತು ಅಂತ ಹೇಳ್ತಾನಾ? ಕುದುರೆ ಅಂತಾನೇ ಹೇಳೋದು. ಮಡ್ ಮಾತೂ ಎಷ್ಟು ನಂಬ್ಬೇಕು ಅನ್ನೋದು ಇನ್ನೊಂದು ತಲೆನೋವು, ಅದಕ್ಕೆ ಕೊನೇಲಿ ಬರ್ತೀನಿ.

ಇಷ್ಟು ತಲೇಲಿಟ್ಕೊಂಡು ಬುಕ್ಕುಗಳ ಹತ್ರ ಹೋಗೋಣ.

ನಾನು ಈ ವಿಷಯದಲ್ಲಿ ಮೊದಲು ಓದಿದ್ದು ಟಿವಿ ಆಂಕರ್ ಬಿಲ್ ಓ'ರೈಲಿ ಮತ್ತು ಮಾರ್ಟಿನ್ ಡ್ಯುಗಾರ್ಡ್ ಬರೆದ 'ಕಿಲ್ಲಿಂಗ್ ಲಿಂಕನ್', 2011ರದ್ದು. ಹುಬ್ಬಳ್ಳಿಗೆ ಟ್ರೈನಲ್ಲಿ ಹೋಗ್ತಾ ಹತ್ತಿದ್ದು ಇಳಿಯೋದ್ರೊಳಗೆ ಮುಗೀತು, ಸುಳ್ಳು ಹೇಳಲ್ಲ, ಮಜಾ ಬಂತು, ಪಕ್ಕದ ಸೀಟಿನೋರ ಜೊತೆ ಮಾತೂ ಆಡ್ಲಿಲ್ಲ. ಆಮೇಲೆ ಗೊತ್ತಾಯ್ತು, ಅದರಲ್ಲಿ ಲಿಂಕನ್ ಓವಲ್ ಆಫೀಸಲ್ಲಿ ಇದಾನೆ! ಓವಲ್ ಆಫೀಸ್, ಅಂದ್ರೆ ವೈಟ್ ಹೌಸಲ್ಲಿ ಪ್ರೆಸಿಡೆಂಟ್ ಕೂರೋ ಆಫೀಸು, ಕಟ್ಟಿದ್ದು 1909ರಲ್ಲಿ, ಪ್ರೆಸಿಡೆಂಟ್ ಟ್ಯಾಫ್ಟ್ ಕಾಲದಲ್ಲಿ, ಅಂದ್ರೆ ಲಿಂಕನ್ ಸತ್ತು 44 ವರ್ಷ ಆದ್ಮೇಲೆ. ಫೋರ್ಡ್ಸ್ ಥಿಯೇಟರಿಗೆ ಬೆಂಕಿ ಬಿದ್ದ ವರ್ಷನೂ ತಪ್ಪು, ಅದು 1862ರ ಕೊನೆ. ಇಂಥ ತಪ್ಪುಗಳು ಜಾಸ್ತಿ ಆಯ್ತು ಅಂತ ಫೋರ್ಡ್ಸ್ ಥಿಯೇಟರಿನ ನೆಲಮಾಳಿಗೆಯಲ್ಲಿರೋ ನ್ಯಾಷನಲ್ ಪಾರ್ಕ್ ಸರ್ವಿಸ್ (ಆ ಜಾಗ ನೋಡ್ಕೊಳ್ಳೋ ಸರ್ಕಾರಿ ಸಂಸ್ಥೆ) ಬುಕ್ ಅಂಗಡಿ ಇದನ್ನ ಮಾರಲ್ಲ ಅಂದ್ಬಿಡ್ತು. ತಮಾಷೆ ಏನಂದ್ರೆ ಅದೇ ಬಿಲ್ಡಿಂಗಿನ ಮೇಲ್ಗಡೆ ಇದ್ದ ಇನ್ನೊಂದು ಗಿಫ್ಟ್ ಶಾಪ್ ಮಾರ್ತಾ ಇತ್ತು.

ಒಂದೆರಡು ತಪ್ಪಿಗೆ ಇಷ್ಟೆಲ್ಲಾ ಬೇಕಾ ಅಂತ ಕೇಳ್ಬೋದು. ತಪ್ಪು ಎಲ್ರೂ ಮಾಡ್ತಾರೆ. ನನ್ನ ತಕರಾರು ಬೇರೆ. ಅದರಲ್ಲಿ ಫುಟ್‌ನೋಟ್ ಇಲ್ಲ. ಬೂತ್ ಕಾಲಿನ ಮೂಳೆ ಲಟಕ್ ಅಂತು ಅಂತ ಓದೋವಾಗ ಇದನ್ನ ಯಾರು ಹೇಳಿದ್ದು, ಯಾವತ್ತು ಹೇಳಿದ್ದು, ಕೇಳೋಕೆ ದಾರಿನೇ ಇಲ್ಲ. ಯಾರೋ ಪಕ್ಕದಲ್ಲೇ ನಿಂತು ನೋಡಿದಂಗೆ ಬರೀತಾರೆ.

ಥ್ರಿಲ್ಲರ್ ತರನೇ ಬೇಕು ಅನ್ನೋರಿಗೆ ಜೇಮ್ಸ್ ಸ್ವಾನ್ಸನ್ ಬರೆದ 'ಮ್ಯಾನ್‌ಹಂಟ್' ಇದೆ, 2006ರದ್ದು. ಏಪ್ರಿಲ್ 14ರಿಂದ 26ರವರೆಗೆ, ಬೂತ್ ವರ್ಜೀನಿಯಾದ ಗ್ಯಾರೆಟ್ ಅನ್ನೋರ ತೋಟದಲ್ಲಿ ತಂಬಾಕಿನ ಕೊಟ್ಟಿಗೆಯೊಳಗೆ ಸಿಕ್ಕಿಹಾಕ್ಕೊಂಡು, ಸೈನಿಕರು ಕೊಟ್ಟಿಗೆಗೆ ಬೆಂಕಿ ಇಟ್ಟು, ಬಾಸ್ಟನ್ ಕಾರ್ಬೆಟ್ ಅನ್ನೋ ಸಾರ್ಜೆಂಟ್ ಹಲಗೆ ಸಂದಿಯಿಂದ ಗುಂಡು ಹೊಡೆಯೋವರೆಗೆ 12 ದಿನದ ಚೇಸ್. ಸ್ಪೀಡಾಗಿ ಹೋಗುತ್ತೆ, ಹಿಂದೆ ನೋಟ್ಸೂ ಇವೆ. ಇಂಗ್ಲಿಷ್ ಬುಕ್ ಓದೋ ಅಭ್ಯಾಸ ಕಮ್ಮಿ ಇರೋರಿಗೂ ಇದನ್ನೇ ಹೇಳ್ತೀನಿ. ಕೊರತೆ ಅಂದ್ರೆ ಸ್ವಾನ್ಸನ್‌ಗೆ ಬೂತ್ ಮೇಲೆ ಸ್ವಲ್ಪ ಜಾಸ್ತಿನೇ ಕಣ್ಣು, ಕೊಲೆಗಾರನೇ ಹೀರೋ ಆಗ್ಬಿಟ್ಟಿದಾನೆ, ಆಮೇಲೆ ಬೂತ್ ಸಂಗಡಿಗರ ಮೇಲೆ ನಡೆದ ವಿಚಾರಣೆ ಬಸ್ಸಿನ ಕಿಟಕಿಯಿಂದ ಊರು ನೋಡಿದಂಗೆ ಹೋಗ್ಬಿಡುತ್ತೆ.

(ಸ್ಕ್ರೀನ್ ಮೇಲೆ: 'ಅಮೆರಿಕನ್ ಬ್ರೂಟಸ್' ಕವರ್)

ನನ್ನ ಫೇವರಿಟ್ ಮೈಕಲ್ ಕಾಫ್‌ಮನ್ ಬರೆದ 'ಅಮೆರಿಕನ್ ಬ್ರೂಟಸ್', 2004. ಈ ಮನುಷ್ಯ ದಶಕಗಟ್ಟಲೆ ಇದೇ ಕೇಸ್ ಹಿಂದೆ ಬಿದ್ದೋನು, ಬೂತ್ ದಾಟಿದ ಕಡೆನೇ ಪೊಟೋಮ್ಯಾಕ್ ನದೀನ ದೋಣಿ ಹುಟ್ಟು ಹಾಕ್ಕೊಂಡು ದಾಟಿದಾನೆ. ಸಾವಿರಾರು ಹೇಳಿಕೆ, ಪತ್ರ ಎಲ್ಲಾನೂ ಕಂಪ್ಯೂಟರಿಗೆ ಹಾಕಿ ತಾರೀಖಿನ ಪ್ರಕಾರ ಜೋಡಿಸಿ ನೋಡ್ದ. ಆಗ ಕಾಲಿನ ವಿಷಯದಲ್ಲಿ ಎದ್ದು ಕಂಡಿದ್ದೇನಂದ್ರೆ, ಆ ರಾತ್ರಿ ಮತ್ತು ತಕ್ಷಣದ ಹೇಳಿಕೆಗಳಲ್ಲಿ ಬೂತ್ ಸ್ಟೇಜ್ ಮೇಲೆ ಓಡಿದ ಅಂತ ಇದೆ, ಕುಂಟಿದ ಅನ್ನೋ ಮಾತು ಜೋರಾಗಿದ್ದು ಆಮೇಲೆ, ಕಾಲು ಮುರಿದಿತ್ತು ಅನ್ನೋ ಸುದ್ದಿ ಊರೆಲ್ಲಾ ಹಬ್ಬಿದ್ಮೇಲೆ. ಹಂಗಾಗಿ ದಾರಿಯಲ್ಲಿ ಕುದುರೆ ಬಿದ್ದೇ ಮುರಿದಿರ್ಬೇಕು ಅಂತ ಅವನ ವಾದ. ನಾನು ಒಪ್ತೀನಾ? ಪೂರ್ತಿ ಇಲ್ಲ. ಭಯದಲ್ಲಿರೋನು ಮುರಿದ ಕಾಲಲ್ಲೂ ನಾಲ್ಕು ಹೆಜ್ಜೆ ಓಡ್ತಾನೆ. ಆದ್ರೂ ನನಗೆ ಈ ಬುಕ್ಕೇ ಇಷ್ಟ, ಯಾಕಂದ್ರೆ ಅವನ ಜೊತೆ ಜಗಳ ಆಡೋಕೆ ಬೇಕಾದ ಸಾಮಾನೆಲ್ಲಾ ಅವನೇ ನನ್ನ ಕೈಗೆ ಕೊಟ್ಟಿದಾನೆ.

ಇನ್ನು ಅಂತೆಕಂತೆ ಬುಕ್ಕುಗಳು. ಇದರ ಅಜ್ಜ ಆಟೋ ಐಸೆನ್‌ಶಿಮಲ್, 1937ರಲ್ಲಿ ಬರೆದ. ವೃತ್ತಿಯಲ್ಲಿ ಕೆಮಿಸ್ಟ್. ಯುದ್ಧಮಂತ್ರಿ ಸ್ಟಾಂಟನ್ನೇ ಕೊಲ್ಲಿಸ್ದ ಅಂತ ಎಲ್ಲೂ ನೇರವಾಗಿ ಹೇಳಲ್ಲ, ಬರೀ ಪ್ರಶ್ನೆ ಕೇಳ್ತಾ ಹೋಗ್ತಾನೆ. ಜನರಲ್ ಗ್ರಾಂಟ್ ನಾಟಕಕ್ಕೆ ಬರ್ತೀನಿ ಅಂದೋನು ಕೊನೇ ಗಳಿಗೆಯಲ್ಲಿ ಯಾಕೆ ಬರ್ಲಿಲ್ಲ? ಕಾವಲಿಗಿದ್ದ ಪೊಲೀಸು ಜಾಗ ಬಿಟ್ಟು ಯಾಕೆ ಎದ್ದೋದ? ಬೂತ್ ಡೈರಿಯ ಪುಟಗಳು ಎಲ್ಲೋದ್ವು? ಓದ್ತಾ ಓದ್ತಾ ಬೆಂಕಿ ಇಲ್ದೆ ಹೊಗೆ ಆಡುತ್ತಾ ಅಂತ ನಮಗೇ ಅನ್ಸುತ್ತೆ, ಅದೇ ಅವನಿಗೆ ಬೇಕಾಗಿದ್ದು. ಗ್ರಾಂಟ್ ವಿಷಯ ತಗೊಳ್ಳಿ, ಗಂಡ ಹೆಂಡ್ತಿ ನ್ಯೂಜೆರ್ಸಿಯಲ್ಲಿದ್ದ ಮಕ್ಕಳನ್ನ ನೋಡೋಕೆ ಟ್ರೈನ್ ಹತ್ತಿದ್ರು, ಅದೂ ಅಲ್ದೆ ಗ್ರಾಂಟ್ ಹೆಂಡ್ತಿಗೂ ಲಿಂಕನ್ ಹೆಂಡ್ತಿಗೂ ಅಷ್ಟಕ್ಕಷ್ಟೇ. ಇಷ್ಟೇ ಕಥೆ. 1977ರಲ್ಲಿ ಇದನ್ನೇ ಇನ್ನೂ ಉಬ್ಬಿಸಿ ಬುಕ್ಕೂ ಬಂತು, ಸಿನಿಮಾನೂ ಬಂತು. ಈ ಇಡೀ ಸಂತೇನ ಒಂದೊಂದಾಗಿ ಬಿಚ್ಚಿಟ್ಟಿದ್ದು ವಿಲಿಯಂ ಹ್ಯಾಂಚೆಟ್, 'ದಿ ಲಿಂಕನ್ ಮರ್ಡರ್ ಕಾನ್‌ಸ್ಪಿರಸೀಸ್', 1983. ಮನೇಲಿ ವಾಟ್ಸಾಪ್ ಫಾರ್ವರ್ಡ್ ಮಾಡೋ ಮಾವ ಇದ್ರೆ ಇದನ್ನ ಗಿಫ್ಟ್ ಕೊಡಿ.

ವಿಚಾರಣೆ ಬಗ್ಗೆ ಬೇಕು ಅಂದ್ರೆ ಮೇರಿ ಸರ್ರಾಟ್ ಮೇಲೆ ಕೇಟ್ ಕ್ಲಿಫರ್ಡ್ ಲಾರ್ಸನ್ ಬರೆದಿದ್ದು ಓದಿ, 2008ರದ್ದು. ಬೂತ್ ಸಂಗಡಿಗರು ಸೇರ್ತಿದ್ದ ಬೋರ್ಡಿಂಗ್ ಹೌಸ್ ನಡೆಸ್ತಿದ್ದ ವಿಧವೆ, ಅಮೆರಿಕದ ಕೇಂದ್ರ ಸರ್ಕಾರ ನೇಣಿಗೆ ಹಾಕಿದ ಮೊದಲ ಹೆಂಗಸು. ಲಾರ್ಸನ್ ಈಕೆ ನಿರಪರಾಧಿ ಅಂದ್ಕೊಂಡು ಕೆಲಸ ಶುರು ಮಾಡಿ, ಕೊನೆಗೆ ಅಲ್ಲ, ಕೈವಾಡ ಇತ್ತು ಅಂತ ಬರೆದೋರು. ಹಿಂಗೆ ಮನಸ್ಸು ಬದಲಾಯಿಸಿದ ಲೇಖಕರು ಸಿಕ್ಕಿದ್ರೆ ನಾನು ಬುಕ್ ತಗೊಂಡ್ಬಿಡ್ತೀನಿ, ಬೇರೆ ಕಾರಣ ಬೇಡ.

ದುಡ್ಡು ಖರ್ಚು ಮಾಡಲ್ಲ ಅನ್ನೋರಿಗೆ ಆ ಮಿಲಿಟರಿ ವಿಚಾರಣೆಯ ದಾಖಲೆನೇ ನೆಟ್ಟಲ್ಲಿ ಫ್ರೀ ಇದೆ, ಬೆನ್ ಪಿಟ್‌ಮನ್ 1865ರಲ್ಲಿ ಸೇರಿಸಿ ತಂದಿದ್ದು. ಪಿಟ್‌ಮನ್ ಹೆಸರು ಎಲ್ಲೋ ಕೇಳಿದಂಗಿದ್ಯಾ? ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಹೋಗಿ ಶಾರ್ಟ್‌ಹ್ಯಾಂಡ್ ಕಲಿತಿರೋ ನಿಮ್ಮ ಅತ್ತೆನೋ ಚಿಕ್ಕಪ್ಪನೋ ಇದ್ರೆ ಕೇಳಿ, ಆ ಶಾರ್ಟ್‌ಹ್ಯಾಂಡ್ ಕಂಡುಹಿಡಿದ ಐಸಾಕ್ ಪಿಟ್‌ಮನ್ ಇವನ ಅಣ್ಣ. ಒಂದು ಹುಷಾರು, ಇವನು ಸಾಕ್ಷಿಗಳ ಮಾತನ್ನ ಕಥೆ ತರ ಕೂಡಿಸಿ ಬರೆದಿದಾನೆ, ಲಾಯರ್ ಏನ್ ಕೇಳಿದ್ರು ಅನ್ನೋದು ಬಹಳ ಕಡೆ ಕಾಣಲ್ಲ.

(ಸ್ಕ್ರೀನ್ ಮೇಲೆ: ಸೀಳಿದ ಬೂಟು)

ಈಗ ಡಾಕ್ಟರ್ ಮಡ್. ನನಗೆ ಗುರುತು ಸಿಗ್ಲಿಲ್ಲ, ಗಡ್ಡ ಇತ್ತು, ಒಬ್ಬ ಪೇಷಂಟ್ ಬಂದ, ಕಾಲು ಕಟ್ಟಿದೆ ಅಷ್ಟೇ ಅಂತ ಅವರ ವಾದ. ಜೀವಾವಧಿ ಆಯ್ತು, ಫ್ಲೋರಿಡಾ ಹತ್ರ ಸಮುದ್ರದ ಮಧ್ಯೆ ಇದ್ದ ಕೋಟೆಗೆ ಹಾಕಿದ್ರು, ಅಲ್ಲಿ 1867ರಲ್ಲಿ ಹಳದಿ ಜ್ವರ ಬಂದಾಗ ರೋಗಿಗಳನ್ನ ನೋಡ್ಕೊಂಡ್ರು, 1869ರಲ್ಲಿ ಕ್ಷಮಾದಾನ ಸಿಕ್ತು. ಪಾಪದ ಡಾಕ್ಟ್ರು ಅನ್ನೋ ಈ ಕಥೆ ಮೇಲೆ ಎಡ್ವರ್ಡ್ ಸ್ಟೀರ್ಸ್ 2001ರಲ್ಲಿ 'ಬ್ಲಡ್ ಆನ್ ದಿ ಮೂನ್' ಅಂತ ಬರೆದು ತಣ್ಣೀರು ಎರಚಿದ. ಬೂತ್ ಮತ್ತು ಮಡ್ 1864ರ ನವೆಂಬರಲ್ಲೇ ಭೇಟಿ ಆಗಿದ್ರು, ಡಿಸೆಂಬರಲ್ಲಿ ವಾಷಿಂಗ್ಟನ್‌ನಲ್ಲಿ ಮತ್ತೊಂದ್ಸಲ, ಆ ಎರಡನೇ ಭೇಟೀನ ಮಡ್ ತನಿಖೆಯವರಿಗೆ ಹೇಳಲೇ ಇಲ್ಲ. ಸ್ಟೀರ್ಸ್ ಬರವಣಿಗೆ ಸ್ವಲ್ಪ ಒಣ, ಸರ್ಕಾರಿ ವಕೀಲರ ವಾದದ ತರ, ಆದ್ರೆ ಮಡ್ ಬಗ್ಗೆ ನನ್ನ ಅನುಮಾನ ಮುಗಿದಿದ್ದು ಅದನ್ನ ಓದಿದ್ಮೇಲೆ.

ಊದಿದ ಕಾಲಿಂದ ತೆಗೆಯೋಕಾಗ್ದೆ ಮಡ್ ಕತ್ತರಿಸಿದ ಬೂತನ ಬೂಟು ಇವತ್ತೂ ಇದೆ, ಉದ್ದನೇ ಸವಾರಿ ಬೂಟು, ಎಡಗಾಲಿನದ್ದು. ಏಪ್ರಿಲ್ 21ರಂದು ತನಿಖೆಯವರು ಎರಡನೇ ಸಲ ಬಂದಾಗ ಅದು ಮಡ್ ಮನೇಲೇ ಸಿಕ್ತು. ಒಳಗೆ ಹೆಸರು ಬರೆದಿತ್ತು, ಜೆ. ವಿಲ್ಕ್ಸ್ ಅಂತ. ಈಗ ಅದು ಫೋರ್ಡ್ಸ್ ಥಿಯೇಟರ್ ಮ್ಯೂಸಿಯಮ್ಮಲ್ಲಿ, ಅದೇ ನೆಲಮಾಳಿಗೆಯಲ್ಲಿ ಇದೆ.