ಕೆರೆಯೋ, ಕೇರೆಯೋ?

ಮಂಗಳೂರು ಆಕಾಶವಾಣಿಯ ಕೇಳುಗರಿಗೆ ನಮಸ್ಕಾರ.

ಈ ಹೊತ್ತಿಗೆ ರೇಡಿಯೋ ಹಾಕಿಕೊಂಡು ಬೀಡಿ ಕಟ್ಟುತ್ತಿರುವ ಅಮ್ಮಂದಿರು ಇರಬಹುದು, ಬಸಳೆ ಹೆಚ್ಚುತ್ತಿರುವ ಅಜ್ಜಿಯಂದಿರು ಇರಬಹುದು, ಅಂಗನವಾಡಿಯ ಟೀಚರುಗಳೂ ಇರಬಹುದು. ನಿಮ್ಮ ಹತ್ತಿರ ಓದಲು ಕಲಿಯುವ ಒಂದು ಮಗು ಇದ್ದರೆ ಪಕ್ಕಕ್ಕೆ ಕರೆಯಿರಿ. ಪುಸ್ತಕ ಬೇಡ, ಸ್ಲೇಟು ಬೇಡ, ಗೋಡೆಯ ಚಾರ್ಟೂ ಸದ್ಯಕ್ಕೆ ಬೇಡ. ಸ್ವರವನ್ನು ಮೊದಲು ಕಿವಿಗೆ ಕಲಿಸಬೇಕು, ಆಮೇಲೆ ಕಣ್ಣಿಗೆ, ಕೈಗೆ ಕೊನೆಯಲ್ಲಿ. ಇವತ್ತು ಇದೊಂದನ್ನೇ ಹೇಳುವುದು, ಬೇಸರ ಬಂದರೂ ಮತ್ತೆ ಮತ್ತೆ ಹೇಳುವುದು.

ನಾವು ಮಾಡುವುದು ಇದರ ತಿರುಗುಮುರುಗು. ಮಗುವಿಗೆ ಮೂರು ವರ್ಷ ಆಗುವ ಮೊದಲೇ ಕೈಗೆ ಬಳಪ ಕೊಟ್ಟು ‘ಅ’ ತಿದ್ದಿಸುತ್ತೇವೆ. ಆಮೇಲೆ ಕಾಗುಣಿತದ ರಾಗ. ಕ ಕಾ ಕಿ ಕೀ ಎಂದು ಮಗು ಗಡಗಡ ಹೇಳಿತು, ನೆಂಟರೆಲ್ಲ ಭೇಷ್ ಅಂದರು. ಆ ಸಾಲಿನ ನಡುವಿನ ‘ಕೊ’ ಒಂದನ್ನೇ ತೋರಿಸಿ ಕೇಳಿ ನೋಡಿ. ಮಗು ಮತ್ತೆ ‘ಕ’ದಿಂದ ಹೊರಟು ಮನಸ್ಸಿನಲ್ಲೇ ಎಣಿಸಿಕೊಂಡು ಅಲ್ಲಿಗೆ ಬರುತ್ತದೆ. ಅದು ಓದುವುದಲ್ಲ ಮಾರಾಯ್ರೆ, ಬಾಯಿಪಾಠ. ರಾಗದಲ್ಲಿ ಇನ್ನೂ ಒಂದು ತೊಂದರೆ ಉಂಟು. ಹಾಡುವಾಗ ‘ಕ’ವನ್ನೂ ಎಳೆಯುತ್ತೇವೆ, ‘ಕಾ’ವನ್ನೂ ಎಳೆಯುತ್ತೇವೆ. ಹ್ರಸ್ವಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು. ಮಗು ಹಿಡಿಯಬೇಕಾದ ಆ ವ್ಯತ್ಯಾಸವನ್ನೇ ನಮ್ಮ ರಾಗ ನುಂಗಿಬಿಡುತ್ತದೆ.

ಉಡುಪಿ ಕಡೆಯ ಒಂದು ಶಾಲೆಯಲ್ಲಿ ನಡೆದದ್ದು ಹೇಳುತ್ತೇನೆ. ಎರಡನೇ ಕ್ಲಾಸು. ಟೀಚರು ಬೋರ್ಡಿನಲ್ಲಿ ‘ಅಜ್ಜನ ತೋಟದಲ್ಲಿ ಕೇರೆ ಇದೆ’ ಎಂದು ಬರೆದರು. ಹುಡುಗಿಯೊಬ್ಬಳು ಎದ್ದು ನಿಂತು ‘ಅಜ್ಜನ ತೋಟದಲ್ಲಿ ಕೆರೆ ಇದೆ’ ಎಂದು ಓದಿ ಕುಳಿತಳು. ನಮ್ಮ ಕಡೆ ಅಡಿಕೆ ತೋಟದಲ್ಲಿ ಕೆರೆ ಇರುವುದೇ, ಕೇರೆ ಹಾವು ಬರುವುದೂ ಇರುವುದೇ. ಎರಡು ವಾಕ್ಯಕ್ಕೂ ಅರ್ಥ ಉಂಟು. ಹಾಗಾಗಿ ತಪ್ಪು ಅವಳಿಗೂ ಗೊತ್ತಾಗಲಿಲ್ಲ, ಪಕ್ಕದವರಿಗೂ ಗೊತ್ತಾಗಲಿಲ್ಲ.

ಬೇರೆ ಯಾರಾದರೂ ಆಗಿದ್ದರೆ ‘ಕೇರೆ ಅಂತ ಹತ್ತು ಸಲ ಬರೆ’ ಅನ್ನುತ್ತಿದ್ದರು. ಈ ಟೀಚರು ಹಾಗೆ ಮಾಡಲಿಲ್ಲ. ತಪ್ಪು ಕಿವಿಯದ್ದೋ ಕಣ್ಣಿನದ್ದೋ ಎಂದು ಮೊದಲು ನೋಡಿದರು. ಹುಡುಗಿಯನ್ನು ಬೋರ್ಡಿಗೆ ಬೆನ್ನು ಮಾಡಿ ನಿಲ್ಲಿಸಿ, ‘ಕೆರೆ ಅಂದರೆ ಕಿಟಕಿ ಹತ್ತಿರ ಓಡು, ಕೇರೆ ಅಂದರೆ ಬಾಗಿಲ ಹತ್ತಿರ ಓಡು’ ಅಂದರು. ಕೆರೆ, ಕೇರೆ, ಕೇರೆ, ಕೆರೆ ಎಂದು ಬೆರೆಸಿ ಬೆರೆಸಿ 10 ಸಲ ಹೇಳಿದರು. ಹತ್ತಕ್ಕೆ ಹತ್ತೂ ಸರಿಯಾಗಿ ಓಡಿದಳು. ಅಂದರೆ ಕಿವಿ ಚುರುಕಾಗಿಯೇ ಇದೆ. ಇನ್ನು ಕಣ್ಣು. ‘ಕೆರೆ’ ಮೇಲೆ, ‘ಕೇರೆ’ ಅದರ ಕೆಳಗೆ ಬರೆದು ‘ಎಲ್ಲಿ ಬೇರೆ ಉಂಟು, ಬೆರಳಿಡು’ ಅಂದರು. ಅವಳು ಬೆರಳಿಟ್ಟದ್ದು ‘ರೆ’ಯ ಮೇಲೆ! ಯಾಕೆ? ದೀರ್ಘದ ಗುರುತು ‘ಕೆ’ಯ ಬಲಕ್ಕೆ ಒಂಟಿಯಾಗಿ ನಿಂತಿರುತ್ತದೆ. ಅದು ಹಿಂದಿನ ಅಕ್ಷರಕ್ಕೆ ಸೇರಿದ್ದು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಅವಳು ಅದನ್ನು ಮುಂದಿನ ‘ರೆ’ಗೆ ಸೇರಿಸಿಕೊಂಡಿದ್ದಳು.

ಟೀಚರು ಆ ಗುರುತನ್ನು ಮಾತ್ರ ಅಳಿಸಿ ಕೆಂಪು ಚಾಕಿನಲ್ಲಿ ಬರೆದರು. ಅವಳ ಹೆಬ್ಬೆರಳನ್ನು ಅದರ ಮೇಲೆ ಇಡಿಸಿದರು. ಬೆರಳು ಇಟ್ಟರೆ ನೀರು, ತೆಗೆದರೆ ಹಾವು! ಇಡೀ ಕ್ಲಾಸು ಬೊಬ್ಬೆ ಹೊಡೆಯಿತು. ಆಮೇಲೆ ಒಬ್ಬೊಬ್ಬರಾಗಿ ಬಂದು ಬೆರಳು ಇಟ್ಟರು, ತೆಗೆದರು. ಬೆಳೆ, ಬೇಳೆ. ಕೊಡು, ಕೋಡು. ತೊಡು, ತೋಡು. ಬಿಡು, ಬೀಡು. ಕೀ, ಕೇ, ಕೋ ಮೂರಕ್ಕೂ ದೀರ್ಘದ ಗುರುತು ಒಂದೇ. ಒಂದು ಕಡೆ ಕಲಿತರೆ ಮೂರು ಕಡೆ ಬಂತು. ಹಳೆಯ ಕನ್ನಡ ಶಾಸನಗಳಲ್ಲಿ ಎ–ಏ, ಒ–ಓ ಬೇರೆ ಎಂದು ತೋರಿಸುವ ಗುರುತೇ ಇರಲಿಲ್ಲ, ಓದುವವರೇ ಅರ್ಥ ನೋಡಿ ಹೇಳಿಕೊಳ್ಳಬೇಕಿತ್ತು. ಹಾಗಿರುವಾಗ ಏಳು ವರ್ಷದ ಮಗು ಅದನ್ನು ಬಿಟ್ಟು ಓದಿದರೆ ಬೈಯುವುದು ಬೇಡ.

ಈ ಕತೆಯಲ್ಲಿ ಸಮಯ ತುಂಬಾ ಹೋಯಿತು. ಆದರೆ ಹೇಳಬೇಕಾದದ್ದು ಅದರಲ್ಲೇ ಇರುವುದು. ಮೊದಲು ಕಿವಿಯನ್ನು ಪರೀಕ್ಷಿಸಿ.

ಕಿವಿಗೇ ವ್ಯತ್ಯಾಸ ಗೊತ್ತಾಗದ ಮಕ್ಕಳೂ ಇರುತ್ತಾರೆ. ಅವರಿಗೆ ಹ್ರಸ್ವಕ್ಕೆ ಮೇಜಿನ ಮೇಲೆ ಒಂದು ತಟ್ಟು, ದೀರ್ಘಕ್ಕೆ ತಟ್ಟಿದ ಕೈಯನ್ನು ಒಂದು ಗೇಣು ಎಳೆಯುವುದು. ಬಳೆ, ಬಾಳೆ. ಕರು, ಕಾರು. ನಡು, ನಾಡು. ಇಲ್ಲಿ ದೊಡ್ಡವರು ಮಾಡುವ ತಪ್ಪು ಎರಡು. ‘ಬಾಆಆಳೆ’ ಎಂದು ಐದಾರು ಮಾತ್ರೆ ಎಳೆಯುತ್ತಾರೆ. ಮಾಮೂಲಿ ಮಾತಿನ ‘ಬಾಳೆ’ ಆಗ ಮಗುವಿಗೆ ಹ್ರಸ್ವದ ಹಾಗೆ ಕೇಳುತ್ತದೆ. ಇನ್ನು ಅಕ್ಷರ ಬಿಡಿಸಿ ‘ಮ... ರ...’ ಎಂದು ನಿಧಾನ ಓದಿಸುವಾಗ ಬಾಯಿ ತಾನಾಗಿ ‘ಮಾ, ರಾ’ ಅನ್ನುತ್ತದೆ. ಬಿಡಿಸಿ ಹೇಳುವಾಗ ಹ್ರಸ್ವವನ್ನು ಚುಟುಕಾಗಿ ಕತ್ತರಿಸಿ.

ಪಾಠ ಎಲ್ಲಿಂದ ಶುರು? ಆ, ಇ, ಉ. ಕನ್ನಡಿ ಕೊಡಿ. ‘ಆ’ಗೆ ದವಡೆ ಇಳಿಯುತ್ತದೆ, ‘ಇ’ಗೆ ತುಟಿ ಅಗಲವಾಗುತ್ತದೆ, ‘ಉ’ಗೆ ದುಂಡಗಾಗುತ್ತದೆ. ಮಗು ನೋಡಿಯೇ ತಿಳಿಯುತ್ತದೆ. ನಂತರ ಎ, ಒ. ಐ, ಔ ಆಮೇಲೆ ಸಾಕು, ‘ಋ’ಗೆ ಅವಸರವೇ ಇಲ್ಲ. ಕಾಗುಣಿತ ಕಲಿಸುವಾಗ ‘ಕ’ಕ್ಕೆ ‘ಇ’ ಸೇರಿಸು ಅನ್ನಬೇಡಿ, ಮಗು ‘ಕಇ’ ಅನ್ನುತ್ತದೆ, ಅದರ ಲೆಕ್ಕ ಸರಿಯೇ. ‘ಕ್’ ಎಂದು ತಡೆದು ಹಿಡಿದು ‘ಇ’ ಬಿಡಲು ಹೇಳಿ. ತಲಕಟ್ಟು, ಗುಡಿಸು, ಕೊಂಬು ಎಂಬ ಹೆಸರುಗಳು ಬರೆಯುವ ಹೊತ್ತಿಗೆ ಬೇಕು, ಅಲ್ಲಿಯವರೆಗೆ ಬೇಡ. ‘ಎರಡು’ ಬದಲು ‘ಯೆರಡು’, ‘ಒಂದು’ ಬದಲು ‘ವೊಂದು’ ಎಂದು ಬರೆದರೆ ಸಿಟ್ಟಾಗಬೇಡಿ, ನಾವು ಹೇಳುವುದೂ ಸುಮಾರಿಗೆ ಹಾಗೆಯೇ.

ಇನ್ನು ಪದಗಳು. ‘ಮನೆಯಲ್ಲಿ ತುಳು ಮಾತಾಡುವುದು, ಕನ್ನಡ ಹೇಗೆ ಬರಬೇಕು’ ಎಂದು ಕೊರಗುವವರಿಗೆ ಒಂದು ಮಾತು. ತುಳುವಿನ ಕೋರಿ ಕನ್ನಡದ ಕೋಳಿ, ಬಾರೆ ಬಾಳೆ, ಕಾರ್ ಕಾಲು. ವ್ಯಂಜನ ಬದಲಾಯಿತು, ದೀರ್ಘ ಅಲ್ಲೇ ಕೂತಿದೆ. ‘ಯಾನ್ ಬರ್ಪೆ’ ಅಂದರೆ ನಾನು ಬರುತ್ತೇನೆ, ‘ಆಯೆ ಬರ್ಪೆ’ ಅಂದರೆ ಅವನು ಬರುತ್ತಾನೆ. ಹೇಳಿ ನೋಡಿ, ಬರೆಯುವುದು ಒಂದೇ ರೀತಿ ಆದರೂ ಕೊನೆಯ ಎಕಾರ ಎರಡರಲ್ಲೂ ಬೇರೆ ಬೇರೆ. ಅಷ್ಟು ಸೂಕ್ಷ್ಮ ಹಿಡಿಯುವ ಕಿವಿಗೆ ಕೆರೆ–ಕೇರೆ ಏನು ಕಷ್ಟ? ಮನೆಯ ಮಾತಿನ ಪದವನ್ನು ಮೊದಲು ಹೇಳಿಸಿ, ಕನ್ನಡದ್ದನ್ನು ಅದರ ಪಕ್ಕದಲ್ಲಿಡಿ. ದಿನಕ್ಕೆ 5 ಪದ ಸಾಕು, ಎಲ್ಲ ಕೈಗೆ ಸಿಗುವ ವಸ್ತುವೇ ಆಗಲಿ. ಪ್ರತಿ ಪದವೂ ಒಂದು ವಾಕ್ಯದಲ್ಲಿ ಮಗುವಿನ ಬಾಯಿಂದ ಬರಲಿ, ಮರುದಿನ ಹಳೆಯದು 2 ಕೇಳಿ. ಚಾರ್ಟಿನಲ್ಲಿ ‘ಒ’ಗೆ ಒಂಟೆ ಇದ್ದರೆ ಅಲ್ಲಿ ಒಲೆಯ ಚಿತ್ರ ಅಂಟಿಸಿ. ‘ಏ’ಗೆ ಏಡಿ ನಮ್ಮ ತೋಡಿನಲ್ಲೇ ಇದೆ.

ಏನೂ ಸಿದ್ಧತೆ ಇಲ್ಲದೆ ಇವತ್ತೇ ಮಾಡುವುದಾದರೆ ಒಂದರಿಂದ ಹತ್ತು ಎಣಿಸಿ, ಪದದ ಮೊದಲ ಅಕ್ಷರಕ್ಕೆ ಮಾತ್ರ ಕೈ ತಟ್ಟಿ ಇಲ್ಲವೇ ಎಳೆಯಿರಿ. ಒಂದು, ಎರಡು ತಟ್ಟು. ಮೂರು, ನಾಲ್ಕು, ಐದು, ಆರು, ಏಳು ಎಳೆ. ಎಂಟು, ಒಂಬತ್ತು, ಹತ್ತು ಮತ್ತೆ ತಟ್ಟು. ಆಮೇಲೆ ಒಂಜಿ, ರಡ್ಡ್, ಮೂಜಿ ಎಂದು ತುಳುವಿನಲ್ಲೂ ಎಣಿಸಿ ನೋಡಿ, ಕೈ ಎಳೆಯುವ ಜಾಗ ಅವೇ ಐದು. ನಮಸ್ಕಾರ.