ಫೈಲು ಪ್ರೆಸ್ಸಿಗೆ ಹೋಗುವ ಮೊದಲು

ಎಲ್ಲರಿಗೂ ನಮಸ್ಕಾರ. ಇಲ್ಲಿ ಬಂದಿರುವವರಲ್ಲಿ ಕೆಲವರು ಸ್ವಂತ ದುಡ್ಡು ಹಾಕಿ ಪುಸ್ತಕ ತರಲು ಹೊರಟವರು. ಕೆಲವರು ಡಿಸೈನ್ ಕಲಿಯುತ್ತಿರುವವರು. ಸಂಘದ ಸ್ಮರಣ ಸಂಚಿಕೆಯನ್ನು ತಲೆಗೆ ಕಟ್ಟಿಸಿಕೊಂಡವರೂ ಇದ್ದೀರಿ ಎಂದು ಕೇಳಿದೆ. ಅವರ ಕಷ್ಟ ಎಲ್ಲರಿಗಿಂತ ದೊಡ್ಡದು, ಅದಕ್ಕೆ ಆಮೇಲೆ ಬರುತ್ತೇನೆ.

ನಾನು ಪ್ರೆಸ್ಸಿನ ಕಡೆಯವನು. ಬೆಂಗಳೂರಿನ ಸುಲ್ತಾನಪೇಟೆಯ ಇಕ್ಕಟ್ಟಿನ ಅಂಗಡಿಯಲ್ಲೂ ಕೂತಿದ್ದೇನೆ, ರಾಜಾಜಿನಗರದ ಇಂಡಸ್ಟ್ರಿಯಲ್ ಏರಿಯಾದ ದೊಡ್ಡ ಪ್ರೆಸ್ಸಿನಲ್ಲೂ ಕೂತಿದ್ದೇನೆ. ಎಲ್ಲಿದ್ದರೂ ಕೆಲಸ ಒಂದೇ. ನೀವು ಪೆನ್‌ಡ್ರೈವ್‌ನಲ್ಲಿ ತರುವ ಫೈಲನ್ನು ಮೊದಲು ತೆರೆದು, ಅದರಲ್ಲಿ ಏನೇನು ಎಡವಟ್ಟಾಗಿದೆ ಎಂದು ನೋಡಿ, ಪುಟಗಳನ್ನು ಫಾರಂಗೆ, ಅಂದರೆ ಎರಡೂ ಕಡೆ ಪ್ರಿಂಟಾಗಿ ಮಡಚುವ ಒಂದು ದೊಡ್ಡ ಹಾಳೆಗೆ ಜೋಡಿಸಿ, ಪ್ಲೇಟಿಗೆ, ಅಂದರೆ ಮಷೀನಿಗೆ ಹಾಕುವ ಅಚ್ಚಿನ ತಗಡಿಗೆ ಕಳಿಸುವುದು. ಬಂದವರು ಸಾಮಾನ್ಯವಾಗಿ ಹೇಳುವ ಮೊದಲ ಮಾತು: 'ಎಲ್ಲಾ ರೆಡಿ ಇದೆ ಸಾರ್, ಸುಮ್ನೆ ಪ್ರಿಂಟ್ ಹೊಡೆದರೆ ಸಾಕು.' ಆ ಮಾತು ಕೇಳಿದಾಗಲೆಲ್ಲ ನಾನು ಒಂದು ಕಾಫಿ ತರಿಸುತ್ತೇನೆ. ಬೇಗ ಮುಗಿಯುವ ಕೆಲಸ ಅಲ್ಲ ಅಂತ ಗೊತ್ತಾಗಿರುತ್ತದೆ.

ಫೈಲು ಮುಗಿದ ಮೇಲೆ ಪ್ರೆಸ್ಸಿಗೆ ಬರಬೇಡಿ, ಶುರು ಮಾಡುವ ಮುಂಚೆ ಬನ್ನಿ. ಇವತ್ತು ನಾನು ಹೇಳಬೇಕಾದ್ದು ಮುಖ್ಯವಾಗಿ ಇದೇ. ಯಾಕೆ ಅಂತ ಸೈಜಿನ ಒಂದು ಉದಾಹರಣೆಯಿಂದ ಹೇಳುತ್ತೇನೆ.

ಕಂಪ್ಯೂಟರಿನಲ್ಲಿ ಹೊಸ ಫೈಲ್ ತೆರೆದರೆ ಎ4 ಬರುತ್ತದೆ. ಪುಸ್ತಕ ಅಂದರೆ ಅದರ ಅರ್ಧ ಇರಲಿ ಅಂತ ಎ5 ಇಟ್ಟುಕೊಳ್ಳುತ್ತಾರೆ. ನಮ್ಮ ಕನ್ನಡ ಪುಸ್ತಕಗಳು ಹೆಚ್ಚಾಗಿ ಬರುವುದು ಡೆಮಿ 1/8ರಲ್ಲಿ, ಅಂದರೆ ಐದೂವರೆ ಇಂಚು ಅಗಲ, ಎಂಟೂವರೆ ಇಂಚು ಎತ್ತರ. ಎ5 ಅದಕ್ಕಿಂತ ಸುಮಾರು ಮೂರನೇ ಒಂದು ಇಂಚು ಅಗಲ. ಅಷ್ಟರಿಂದ ಏನಾಗುತ್ತದೆ ಅನ್ನಿಸಬಹುದು. ಡೆಮಿ ಹಾಳೆ 18 ಇಂಚು, 23 ಇಂಚು. 23 ಇಂಚಿನ ಕಡೆಯಲ್ಲಿ ನಾಲ್ಕು ಪುಟ ಕೂರಬೇಕು. ತಲಾ ಐದೂಮುಕ್ಕಾಲು ಇಂಚು ಸಿಗುತ್ತದೆ, ಅದರಲ್ಲಿ ಕಟಿಂಗಿಗೆ ಕಾಲು ಇಂಚು ಹೋಗಿ ಐದೂವರೆ ಉಳಿಯುತ್ತದೆ. ಎ5 ನಾಲ್ಕು ಪುಟ ಪಕ್ಕಪಕ್ಕ ಇಟ್ಟರೆ, ಕಟಿಂಗಿಗೆ ಜಾಗ ಬಿಡುವ ಮೊದಲೇ 23.3 ಇಂಚು ಆಯಿತು! ಹಾಳೆಯಲ್ಲಿ ಕೂರುವುದೇ ಇಲ್ಲ. ದೊಡ್ಡ ಹಾಳೆ ತರಬೇಕು, ಉಳಿದ ಪಟ್ಟಿ ಕತ್ತರಿಸಿ ರದ್ದಿಗೆ ಹಾಕಬೇಕು. ರದ್ದಿಗೆ ಹೋಗುವ ಕಾಗದದ ದುಡ್ಡೂ ನಿಮ್ಮದೇ. ಆಗ ಇನ್ನೂರು ಪುಟದ ಪುಸ್ತಕವನ್ನು ಮತ್ತೆ ಮೊದಲಿಂದ ಜೋಡಿಸುತ್ತಾ ಕೂರುವುದಕ್ಕಿಂತ, ಮುಂಚೆಯೇ ಬಂದು ಐದು ನಿಮಿಷ ಮಾತಾಡುವುದು ಒಳ್ಳೆಯದು ಅಲ್ವಾ?

ಪುಟಗಳ ಲೆಕ್ಕವೂ ಹಾಗೆಯೇ. ಡೆಮಿ 1/8ರಲ್ಲಿ ಒಂದು ಫಾರಂಗೆ 16 ಪುಟ. 160 ಪುಟ ಅಂದರೆ ಸರಿಯಾಗಿ ಹತ್ತು ಫಾರಂ. 163 ಪುಟ ಆದರೆ ಹತ್ತು ಫಾರಂ ಮುಗಿದು ಒಂದು ತುಣುಕು ಉಳಿಯುತ್ತದೆ. ಆ ತುಣುಕಿಗೂ ಪ್ಲೇಟ್ ಬೇಕು, ಮಷೀನ್ ಓಡಬೇಕು, ಬೈಂಡಿಂಗಿನವರು ಅದನ್ನು ಬೇರೆಯಾಗಿ ಮಡಚಬೇಕು. ಮೂರು ಪುಟ ಇಳಿಸಿ, ಇಲ್ಲವೇ 168 ಮಾಡಿ ಅರ್ಧ ಫಾರಂ ತುಂಬಿಸಿ. ಲೇಖಕರ ಇತರ ಕೃತಿಗಳು ಅನ್ನುವ ಪುಟ ಎಷ್ಟೋ ಪುಸ್ತಕಗಳಲ್ಲಿ ಹುಟ್ಟಿರುವುದು ಈ ಕಾರಣಕ್ಕೇ.

ಒಂದೇ ಬಣ್ಣದ ಪುಸ್ತಕದಲ್ಲಿ ಕೆಲವು ಕಲರ್ ಫೋಟೋ ಬೇಕೆಂದರೆ ಅವನ್ನು ಅಲ್ಲೊಂದು ಇಲ್ಲೊಂದು ಹಾಕಬೇಡಿ. ಎಲ್ಲವನ್ನೂ ನಾಲ್ಕು ಅಥವಾ ಎಂಟು ಪುಟಕ್ಕೆ ಒಟ್ಟು ಮಾಡಿ, ಆರ್ಟ್ ಪೇಪರಿನಲ್ಲಿ ಬೇರೆ ಹಾಕಿಸಿ ನಡುವೆ ಸೇರಿಸಬಹುದು. ಚದುರಿಸಿದರೆ ಪ್ರತಿ ಫಾರಂಗೂ ನಾಲ್ಕು ಬಣ್ಣದ ಪ್ಲೇಟ್ ಬೀಳುತ್ತದೆ.

ಈಗ ಅಕ್ಷರದ ವಿಷಯ. ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ. ಬ್ಲೀಡ್, ಅಂದರೆ ಕತ್ತರಿಸುವ ಅಂಚಿನ ಆಚೆಗಿನ ಹೆಚ್ಚುವರಿ ಬಣ್ಣ ಎಷ್ಟು ಬಿಡಬೇಕು, ಫೋಟೋ ಎಷ್ಟು ಡಿಪಿಐ, ಅಂದರೆ ಇಂಚಿಗೆ ಎಷ್ಟು ಚುಕ್ಕೆ ಇರಬೇಕು ಅನ್ನುವುದನ್ನು ಯಾರು ಬೇಕಾದರೂ ಹೇಳುತ್ತಾರೆ. ಕನ್ನಡದ ಒತ್ತಕ್ಷರಕ್ಕೆ ಏನಾಗುತ್ತದೆ ಅಂತ ಅವರು ಯಾರೂ ಹೇಳುವುದಿಲ್ಲ.

ನಮ್ಮಲ್ಲಿ ಎರಡು ಲೋಕ ಇವೆ. ಒಂದು ಯೂನಿಕೋಡ್. ನೀವು ಮೊಬೈಲಿನಲ್ಲಿ, ಗೂಗಲ್ ಡಾಕ್ಸ್‌ನಲ್ಲಿ ಟೈಪ್ ಮಾಡುವುದು ಅದರಲ್ಲಿ. ಇನ್ನೊಂದು 'ನುಡಿ', 'ಬರಹ' ಎಂಬ ಕನ್ನಡ ಸಾಫ್ಟ್‌ವೇರುಗಳ ಹಳೆಯ ಫಾಂಟುಗಳು. ನಾವು ಅದನ್ನು ಆಸ್ಕಿ ಅನ್ನುತ್ತೇವೆ. ಅಲ್ಲಿ ಕಂಪ್ಯೂಟರಿನ ಪಾಲಿಗೆ ಅದು ಕನ್ನಡವೇ ಅಲ್ಲ, ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ರಾಶಿ. ಮೇಲೆ ಕನ್ನಡದ ಆಕಾರ ಹೊದಿಸಿರುತ್ತಾರೆ ಅಷ್ಟೇ. ಪುಟ ಜೋಡಿಸುವ ಹಳೆಯ ಸಾಫ್ಟ್‌ವೇರ್ ಪೇಜ್‌ಮೇಕರ್‌ಗೆ ಯೂನಿಕೋಡ್ ಬರುವುದಿಲ್ಲ. ಅದರ ಕೊನೆಯ ಆವೃತ್ತಿ ಬಂದದ್ದೇ 2001ರಲ್ಲಿ. ಆದರೂ ಈ ಊರಿನ ಎಷ್ಟೋ ಡಿಟಿಪಿ ಅಂಗಡಿಗಳಲ್ಲಿ ಅದರ ಮೇಲೆ ಕೈ ಓಡುವಷ್ಟು ವೇಗವಾಗಿ ಬೇರೆ ಯಾವುದರ ಮೇಲೂ ಓಡುವುದಿಲ್ಲ. ಅವರನ್ನು ಹಗುರವಾಗಿ ಕಾಣಬೇಡಿ. ಅವರು ಜೋಡಿಸಿದ ಪುಟ ನೋಡಲು ಚೆನ್ನಾಗಿರುತ್ತದೆ.

ತೊಂದರೆ ಆಗುವುದು ಒಂದು ಲೋಕದಿಂದ ಇನ್ನೊಂದಕ್ಕೆ ದಾಟುವಾಗ. ನೀವು ಯೂನಿಕೋಡಿನಲ್ಲಿ ಕೊಟ್ಟಿರಿ, ಅವರು ಕನ್ವರ್ಟರಿಗೆ ಹಾಕಿ ಆಸ್ಕಿ ಮಾಡಿಕೊಂಡರು. 'ರಾಜ್‌ಕುಮಾರ್' ಎಂದು ಬರೆಯುವಾಗ ಜ್ ಮತ್ತು ಕು ನಡುವೆ ಕಣ್ಣಿಗೆ ಕಾಣದ ಒಂದು ಗುರುತು ಇರುತ್ತದೆ, ಅವೆರಡನ್ನು ಬೇರೆ ಇಡುವುದಕ್ಕೆ. ಕನ್ವರ್ಟರಿನಲ್ಲಿ ಅದು ಬಿದ್ದುಹೋದರೆ 'ರಾಜ್ಕುಮಾರ್' ಆಗುತ್ತದೆ. ಕಥೆಯ ಪಾತ್ರಕ್ಕೆ ಇಂಗ್ಲಿಷ್ ಹೆಸರಿದ್ದರಂತೂ ಪುಸ್ತಕದ ತುಂಬ ಇದೇ ಗೋಳು. ಮತ್ತೆ, ಪೂರ್ತಿ ಪಠ್ಯವನ್ನು ಸೆಲೆಕ್ಟ್ ಮಾಡಿ ನುಡಿ ಫಾಂಟ್ ಹಾಕಿದ ತಕ್ಷಣ ಮಧ್ಯದಲ್ಲಿದ್ದ ಇಂಗ್ಲಿಷ್ ಪದ, ಇಮೇಲ್ ವಿಳಾಸ ಎಲ್ಲಾ ಅರ್ಥವಿಲ್ಲದ ಕನ್ನಡವಾಗುತ್ತವೆ. ಟೈಪ್ ಮಾಡುವವರು ಸೊನ್ನೆಯನ್ನೂ ಅನುಸ್ವಾರವನ್ನೂ ಒಂದೇ ಎಂದುಕೊಂಡಿದ್ದರೆ ಇನ್ನೊಂದು ತಾಪತ್ರಯ. ಕಾಗದದ ಮೇಲೆ ಎರಡೂ ಒಂದೇ ಥರ ಕಾಣುತ್ತವೆ, ಆದರೆ ಆಮೇಲೆ ಇ-ಪುಸ್ತಕ ಮಾಡಲು ಹೋದರೆ ಹುಡುಕಿದ ಪದ ಸಿಗುವುದಿಲ್ಲ.

ಹಾಗಾಗಿ ಕರಡು ತಿದ್ದುವುದನ್ನು ಕನ್ವರ್ಟ್ ಆದ ಮೇಲೆ ಮಾಡಿ. ವರ್ಡ್ ಫೈಲಿನಲ್ಲೇ ಮೂರು ಸಲ ಓದಿದ್ದೇನೆ ಎಂದು ಬೀಗುವವರಿದ್ದಾರೆ. ಆ ಮೂರು ಓದು ಭಾಷೆಗೆ ಆಯಿತು. ಪುಟಕ್ಕೆ ಇನ್ನೊಂದು ಓದು ಬೇಕು.

ಪುಟ ಜೋಡಿಸಲು ಇನ್‌ಡಿಸೈನ್ ಬಳಸುವವರಿಗೆ ಒಂದು ಮಾತು. ಯೂನಿಕೋಡ್ ಕನ್ನಡ ಹಾಕಿದಾಗ ಒತ್ತು ಕೆಳಗೆ ಇಳಿಯದೆ 'ಕನ್‌ನಡ' ಅಂತ ನಿಂತರೆ ಫಾಂಟನ್ನು ಬೈಯಬೇಡಿ. ಪ್ಯಾರಾಗ್ರಾಫ್ ಪ್ಯಾನೆಲ್ಲಿನ ಮೆನುವಿನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಎಂಬ ಆಯ್ಕೆ ಇದೆ, ಅದನ್ನು ಒತ್ತಿ. ಬಹಳಷ್ಟು ಸಲ ಅಲ್ಲಿಗೆ ಸರಿಹೋಗುತ್ತದೆ.

ಸಾಲುಗಳ ನಡುವಿನ ಜಾಗವನ್ನು ಇಂಗ್ಲಿಷ್ ಪುಸ್ತಕ ನೋಡಿ ಇಡಬೇಡಿ. 'ರಾಷ್ಟ್ರ' ಅನ್ನುವ ಪದ ನೋಡಿ. ಒತ್ತಿನ ಮೇಲೆ ಒತ್ತು. ಅದು ಕೆಳಗಿನ ಸಾಲಿನ ಗುಡಿಸಿಗೆ ಹೋಗಿ ತಾಗುತ್ತದೆ. 12 ಪಾಯಿಂಟ್ ಅಕ್ಷರಕ್ಕೆ 16 ಅಥವಾ 17 ಪಾಯಿಂಟ್ ಬಿಟ್ಟರೆ ಕಣ್ಣಿಗೆ ಹಾಯಾಗಿರುತ್ತದೆ. ಪುಟ ಉಳಿಸಲು 14ಕ್ಕೆ ಇಳಿಸಿದ ಪುಸ್ತಕಗಳನ್ನು ನೋಡಿದ್ದೇನೆ. ಓದುವವರ ಮೇಲೆ ಅದೇನು ಸಿಟ್ಟೋ ಗೊತ್ತಿಲ್ಲ.

ಮುಖಪುಟವನ್ನು ಕೋರೆಲ್‌ಡ್ರಾ ಸಾಫ್ಟ್‌ವೇರಿನಲ್ಲಿ ಮಾಡಿದ್ದರೆ ಅಕ್ಷರಗಳನ್ನು ಕರ್ವ್ ಮಾಡಿ, ಅಂದರೆ ಬರೀ ಗೆರೆಯ ಚಿತ್ರವಾಗಿ ಬದಲಿಸಿ ಕೊಡಿ. ಆಗ ನಿಮ್ಮ ಫಾಂಟ್ ನಮ್ಮಲ್ಲಿ ಇಲ್ಲದಿದ್ದರೂ ಆಕಾರ ಕೆಡುವುದಿಲ್ಲ. ಆದರೆ ಕರ್ವ್ ಆದ ಅಕ್ಷರವನ್ನು ತಿದ್ದಲು ಆಗುವುದಿಲ್ಲ, ಅದಕ್ಕೆ ಕರ್ವ್ ಮಾಡದ ಪ್ರತಿ ಒಂದನ್ನು ನಿಮ್ಮ ಹತ್ತಿರ ಇಟ್ಟುಕೊಂಡಿರಿ. ಒಳಪುಟಗಳಿಗೆ ಪಿಡಿಎಫ್ ಸಾಕು. ಅಕ್ರೋಬ್ಯಾಟ್‌ನಲ್ಲಿ ಕಂಟ್ರೋಲ್ ಡಿ ಒತ್ತಿದರೆ ಫಾಂಟ್ಸ್ ಎಂಬ ಪಟ್ಟಿ ಬರುತ್ತದೆ. ಪ್ರತಿ ಫಾಂಟಿನ ಮುಂದೆ ಎಂಬೆಡೆಡ್ ಎಂದು ಇರಬೇಕು, ಅಂದರೆ ಫಾಂಟ್ ಫೈಲಿನೊಳಗೇ ಸೇರಿದೆ ಅಂತ. ಇಲ್ಲದಿದ್ದರೆ ನಿಮ್ಮ ಮನೆಯ ಕಂಪ್ಯೂಟರಿನಲ್ಲಿ ಕಂಡ ಪುಟ ನಮ್ಮಲ್ಲಿ ಕಾಣುವುದಿಲ್ಲ.

ಪುಟಗಳನ್ನು ಒಂದೊಂದಾಗಿ, ಕ್ರಮವಾಗಿ ಕೊಡಿ. ಎರಡೆರಡು ಜೋಡಿಸಿ ಕೊಡಬೇಡಿ. ಖಾಲಿ ಪುಟವಿದ್ದರೆ ಅದನ್ನೂ ಖಾಲಿಯಾಗಿಯೇ ಫೈಲಿನಲ್ಲಿ ಇಡಿ. ಬಣ್ಣ ಅಥವಾ ಚಿತ್ರ ಅಂಚಿನವರೆಗೆ ಹೋಗುವಲ್ಲಿ ಹೊರಗೆ 3 ಮಿಲಿಮೀಟರ್ ಬ್ಲೀಡ್ ಬಿಡಿ. ಹೆಸರು, ಲೋಗೊ ಅಂಚಿನಿಂದ ಒಳಗೆ ದೂರ ಇರಲಿ, ಒತ್ತಕ್ಷರಕ್ಕೂ ಸೇರಿಸಿ ಅಳೆಯಿರಿ.

ಬಣ್ಣದ ಬಗ್ಗೆ ಜಗಳ ಜಾಸ್ತಿ. ಪರದೆ ಕೆಂಪು, ಹಸಿರು, ನೀಲಿ ಬೆಳಕಿನಿಂದ ಬಣ್ಣ ತೋರಿಸುತ್ತದೆ, ಅದು ಆರ್‌ಜಿಬಿ. ನಾವು ಹಾಕುವುದು ಸಯಾನ್, ಮಜೆಂಟಾ, ಯೆಲ್ಲೊ, ಬ್ಲಾಕ್ ಎಂಬ ನಾಲ್ಕು ಶಾಯಿ, ಅದು ಸಿಎಂವೈಕೆ. ರಾಜ್ಯೋತ್ಸವದ ಪೋಸ್ಟರಿಗೆ ಎಂದೂ ತೊಂದರೆ ಇಲ್ಲ. ಹಳದಿ ಅಂದರೆ ನೂರಕ್ಕೆ ನೂರು ಯೆಲ್ಲೊ, ಕೆಂಪು ಅಂದರೆ ಅದರ ಜೊತೆ ಮಜೆಂಟಾ. ಎರಡೂ ಮಷೀನಿನಲ್ಲಿ ಗಟ್ಟಿಯಾಗಿ ಬರುತ್ತವೆ. ಮೊಬೈಲಿನಲ್ಲಿ ಮಿಂಚುವ ಗಿಳಿಹಸಿರು, ನೇರಳೆ ಕಡೆಯ ನೀಲಿ ಮಾತ್ರ ಆ ಮಿಂಚಿನಲ್ಲಿ ಬರುವುದೇ ಇಲ್ಲ. ಮ್ಯಾಪ್‌ಲಿಥೊ ಎಂಬ ಹೊಳಪಿಲ್ಲದ ಕಾಗದದ ಮೇಲೆ ಇನ್ನೂ ಮಂಕು, ಅದು ಶಾಯಿ ಕುಡಿಯುತ್ತದೆ. ಫೈಲನ್ನು ನೀವೇ ಸಿಎಂವೈಕೆಗೆ ಬದಲಿಸಿ ನೋಡಿದರೆ ಬೇಸರ ಮುಂಚೆಯೇ ಆಗಿಹೋಗುತ್ತದೆ.

ಕಪ್ಪು ಅಕ್ಷರಕ್ಕೆ ಬ್ಲಾಕ್ ಒಂದೇ ಇರಬೇಕು. ವರ್ಡ್‌ನಿಂದ ಬಂದ ಕಪ್ಪನ್ನು ಸುಮ್ನೆ ಬದಲಿಸಿದರೆ ಅದು ನಾಲ್ಕು ಶಾಯಿಗೂ ಹಂಚಿಹೋಗುತ್ತದೆ. ನಾಲ್ಕರಲ್ಲಿ ಒಂದು ಪ್ಲೇಟ್ ಕೂದಲೆಳೆಯಷ್ಟು ಜರುಗಿದರೂ ಸಣ್ಣ ಅಕ್ಷರದ ಒತ್ತುಗಳು ಮಸುಕಾಗುತ್ತವೆ. ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್‌ನ ಬಾರ್‌ಕೋಡಿಗೂ ಇದೇ ನಿಯಮ. ಬಿಳಿ ಜಾಗದ ಮೇಲೆ ಬರೀ ಕಪ್ಪು. ಅಂದ ಹಾಗೆ, ಐಎಸ್‌ಬಿಎನ್ ಕೊಡುವುದು ರಾಜಾ ರಾಮ್‌ಮೋಹನ್ ರಾಯ್ ರಾಷ್ಟ್ರೀಯ ಏಜೆನ್ಸಿ, ಅದಕ್ಕೆ ದುಡ್ಡು ಇಲ್ಲ. ಯಾರಾದರೂ ಕೇಳಿದರೆ ಅದು ಓಡಾಟದ ಖರ್ಚು ಅಂತ ತಿಳಿಯಿರಿ.

ಫೋಟೋಗೆ 300 ಡಿಪಿಐ. 1200 ಪಿಕ್ಸೆಲ್ ಅಗಲದ ಫೋಟೋ ನಾಲ್ಕು ಇಂಚಿಗೆ ಸಾಕು, ಎಂಟು ಇಂಚಿಗೆ ಎಳೆದರೆ ಸಾಲದು. ವಾಟ್ಸಾಪ್‌ನಲ್ಲಿ ಕಳಿಸುವುದಾದರೆ ಪಿಕ್ಸೆಲ್ ಕುಗ್ಗದ ಹಾಗೆ ಡಾಕ್ಯುಮೆಂಟ್ ಎಂದು ಕಳಿಸಿ.

ಸ್ಮರಣ ಸಂಚಿಕೆಯವರು ಈಗ ಕೇಳಿ. ನಿಮ್ಮಲ್ಲಿ ಕೊನೆಗೆ ಬರುವುದು ಎರಡು, ಗಣ್ಯರ ಶುಭಾಶಯ ಪತ್ರ ಮತ್ತು ಜಾಹೀರಾತು. ಇವನ್ನು ಪುಸ್ತಕದ ತುಂಬ ಹರಡಿದರೆ ಒಂದು ಪತ್ರಕ್ಕಾಗಿ ಎಲ್ಲಾ ಫಾರಂ ಕಾಯಬೇಕು. ತಡವಾಗಿ ಬರುವುದನ್ನೆಲ್ಲ ಮೊದಲ ಫಾರಂ ಮತ್ತು ಕೊನೆಯ ಫಾರಂಗೆ ಹಾಕಿ. ಲೇಖನಗಳಿರುವ ನಡುವಿನ ಫಾರಂಗಳು ಮುಂಚೆಯೇ ಪ್ರಿಂಟಾಗಿ ಕೂತಿರಲಿ. ಕಾರ್ಯಕ್ರಮ ನವೆಂಬರಿನಲ್ಲಿದ್ದರೆ ಇನ್ನೂ ಮುಂಚೆ ಬನ್ನಿ. ಆ ಹೊತ್ತಿಗೆ ಕ್ಯಾಲೆಂಡರ್, ಡೈರಿ, ಮದುವೆ ಪತ್ರಿಕೆ ಎಲ್ಲಾ ಒಟ್ಟಿಗೆ ಮಷೀನಿಗೆ ಬರುತ್ತವೆ. ಆಯುಧಪೂಜೆಗೆ ಮಷೀನ್ ತೊಳೆದು ಕುಂಕುಮ ಇಟ್ಟ ದಿನ ಯಾವ ಪ್ರೆಸ್ಸೂ ನಿಮ್ಮ ಕೆಲಸ ಮುಟ್ಟುವುದಿಲ್ಲ.

ದರ ಕೇಳುವಾಗ ಸೈಜು, ಪುಟ, ಪ್ರತಿ, ಒಳಗಿನ ಕಾಗದದ ಜಿಎಸ್‌ಎಂ (ಒಂದು ಚದರ ಮೀಟರಿಗೆ ಎಷ್ಟು ಗ್ರಾಂ ತೂಕ ಅಂತ), ಮುಖಪುಟದ ಬೋರ್ಡು, ಲ್ಯಾಮಿನೇಷನ್, ಬೈಂಡಿಂಗ್ ಎಲ್ಲಾ ಒಂದು ಹಾಳೆಯಲ್ಲಿ ಬರೆದು ಎಲ್ಲರಿಗೂ ಅದನ್ನೇ ಕೊಡಿ. ತುಂಬಾ ಕಡಿಮೆ ಹೇಳಿದವರ ಹತ್ತಿರ 70 ಜಿಎಸ್‌ಎಂ 60 ಆಗಿದೆಯೇ ನೋಡಿ. ನೂರು ಪ್ರತಿ ಮಾತ್ರ ಸಾಕೆಂದರೆ ಪ್ಲೇಟಿನಿಂದ ಹೊಡೆಯುವ ಆಫ್‌ಸೆಟ್ ಬೇಡ, ಡಿಜಿಟಲ್ ಮಾಡಿಸಿ. ಪ್ಲೇಟಿನ ಖರ್ಚು ನೂರು ಪ್ರತಿಗೂ ಅಷ್ಟೇ, ಸಾವಿರಕ್ಕೂ ಅಷ್ಟೇ. ಪುಸ್ತಕದ ಬೆನ್ನಿನ ದಪ್ಪವನ್ನು ನೀವೇ ಊಹಿಸಿ ಮುಖಪುಟ ಮಾಡಬೇಡಿ. ಅದೇ ಕಾಗದದಲ್ಲಿ ಖಾಲಿ ಡಮ್ಮಿ ಕಟ್ಟಿಸಿ ಅಳೆಯಿರಿ.

ಪ್ಲೇಟ್ ಆದ ಮೇಲೆ ತಿದ್ದುಪಡಿ ಇಲ್ಲ. ಒಂದು ದೀರ್ಘ ಹಾಕಬೇಕೆಂದರೂ ಎಂಟು ಪುಟದ ಆ ಪ್ಲೇಟನ್ನು ಹೊಸದಾಗಿ ಮಾಡಬೇಕು. ಆದ್ದರಿಂದ ಪ್ಲೇಟಿಗೆ ಮುಂಚಿನ ಪ್ರೂಫನ್ನು ಕಾಗದದ ಮೇಲೆ ತೆಗೆಸಿ ನೋಡಿ, ಸಹಿ ಹಾಕಿ ಕೊಡಿ. ಆ ಹಂತದಲ್ಲಿ ಎಷ್ಟೋ ಸಣ್ಣ ತಪ್ಪುಗಳನ್ನು ನಾವೇ ನಮ್ಮ ಕಂಪ್ಯೂಟರಿನಲ್ಲಿ ಸರಿಮಾಡಿರುತ್ತೇವೆ. ಆ ಫೈಲು ನಿಮ್ಮ ಹತ್ತಿರ ಇರುವುದಿಲ್ಲ. ಎರಡು ವರ್ಷ ಬಿಟ್ಟು ಮರುಮುದ್ರಣಕ್ಕೆ ಹಳೆಯ ಪೆನ್‌ಡ್ರೈವ್ ತಂದರೆ ಹಳೆಯ ತಪ್ಪುಗಳೆಲ್ಲ ಮತ್ತೆ ಬರುತ್ತವೆ. ಪುಸ್ತಕದ ಕಟ್ಟುಗಳನ್ನು ಆಟೋಗೆ ಹಾಕಿಸುವ ದಿನವೇ ಕೊನೆಯ ಪಿಡಿಎಫ್ ಕೇಳಿ ತೆಗೆದುಕೊಳ್ಳಿ. ಕೊಡುವುದಿಲ್ಲ ಅಂದರೆ ಬಾಕಿ ದುಡ್ಡು ಕೊಡುವ ಮುಂಚೆ ಇನ್ನೊಮ್ಮೆ ಕೇಳಿ.