ಮೊಟ್ಟೆಯ ಮೇಲೆ ಬರೆಯುವ ಕಲೆ: ಉಕ್ರೇನಿನ ಪಿಸಂಕಾ

[ದೃಶ್ಯ: ಅಂಗೈ ಮೇಲೆ ಒಂದು ಕಪ್ಪು ಮೊಟ್ಟೆ. ಪಕ್ಕದಲ್ಲಿ ಉರಿಯುವ ಮೇಣದಬತ್ತಿ.]

ಈ ಮೊಟ್ಟೆ ನೋಡಿ. ಕಪ್ಪಗಿದೆ, ಮೈಯೆಲ್ಲ ಮೇಣ ಮೆತ್ತಿಕೊಂಡಿದೆ. ಈಗ ಇದನ್ನು ಉರಿಯ ಪಕ್ಕಕ್ಕೆ ಹಿಡಿಯೋಣ. ಮೇಲಲ್ಲ, ಪಕ್ಕಕ್ಕೆ. ಮೇಲೆ ಹಿಡಿದರೆ ಮಸಿ ಹತ್ತುತ್ತದೆ. ಮೇಣ ಪಳಪಳ ಅಂದರೆ ಕರಗಿತು ಅಂತ ಅರ್ಥ. ಮೆತ್ತನೆ ಬಟ್ಟೆಯಲ್ಲಿ ಒರೆಸಿ.

[ದೃಶ್ಯ: ಬಟ್ಟೆ ಸರಿದಂತೆ ಬಣ್ಣಗಳು ಕಾಣುತ್ತವೆ.]

ಬಿಳಿ ಗೆರೆ, ಹಳದಿ ತೆನೆ, ಕೆಂಪು ನಕ್ಷತ್ರ! ಇಷ್ಟು ಹೊತ್ತೂ ಇವೆಲ್ಲ ಮೇಣದಡಿಯಲ್ಲೇ ಇದ್ದವು.

ಇದರ ಹೆಸರು ಪಿಸಂಕಾ. ಉಕ್ರೇನಿಯನ್ ಭಾಷೆಯಲ್ಲಿ 'ಪಿಸಾತಿ' ಅಂದರೆ ಬರೆಯುವುದು. ನಾವೂ ಚಿತ್ರ 'ಬರೆಯುತ್ತೇವೆ' ಅಲ್ವಾ? ಅವರು ಮೊಟ್ಟೆ ಬರೆಯುತ್ತಾರೆ. ಬೇಯಿಸಿ, ಒಂದೇ ಬಣ್ಣದಲ್ಲಿ ಅದ್ದಿ, ಹಬ್ಬದ ದಿನ ತಿನ್ನುವ ಮೊಟ್ಟೆಗೆ ಕ್ರಾಶಂಕಾ ಅನ್ನುವ ಬೇರೆ ಹೆಸರೇ ಇದೆ. ಪಿಸಂಕಾ ತಿನ್ನುವುದಕ್ಕಲ್ಲ. ಅದನ್ನು ಬರೆಯುವುದು ಹಸಿ ಮೊಟ್ಟೆಯ ಮೇಲೆ.

[ದೃಶ್ಯ: ಕಡ್ಡಿಗೆ ಕಟ್ಟಿದ ಪುಟ್ಟ ಲೋಹದ ಆಲಿಕೆ.]

ಲೇಖನಿ ಇದು, ಕಿಸ್ತ್ಕಾ. ಆಲಿಕೆಗೆ ಜೇನುಮೇಣ ತುಂಬಿ, ಉರಿಗೆ ಹಿಡಿದು ಗೆರೆ ಎಳೆಯುತ್ತಾರೆ. ಇಲ್ಲಿ ಲೆಕ್ಕ ಪೂರ್ತಿ ಉಲ್ಟಾ. ಯಾವ ಬಣ್ಣ ಉಳಿಯಬೇಕೋ ಅದನ್ನು ಮೊದಲು ಮುಚ್ಚಬೇಕು. ಬಿಳಿ ಬೇಕಾದ ಕಡೆ ಮೇಣ ಎಳೆದು ಹಳದಿಯಲ್ಲಿ ಅದ್ದಿ. ಹಳದಿ ಉಳಿಯಬೇಕಾದ ಕಡೆ ಮತ್ತೆ ಮೇಣ, ಆಮೇಲೆ ಕೆಂಪು, ಕೊನೆಗೆ ಕಪ್ಪು. ಮುಗಿಯುವವರೆಗೂ ಪೂರ್ತಿ ಚಿತ್ರ ಬರೆಯುವವರ ತಲೆಯಲ್ಲಿ ಮಾತ್ರ ಇರುತ್ತದೆ. ನನಗೆ ಈ ಕಲೆಯಲ್ಲಿ ಎಲ್ಲಕ್ಕಿಂತ ಜಾಸ್ತಿ ಹಿಡಿಸುವುದು ಇದೇ.

ಹಿಂದೆ ಬಣ್ಣವೂ ಮನೆಯದ್ದೇ. ಈರುಳ್ಳಿ ಸಿಪ್ಪೆ, ಮರದ ತೊಗಟೆ ಕುದಿಸಿ ತೆಗೆಯುತ್ತಿದ್ದರು. ಈಸ್ಟರ್‌ಗೆ ಮುಂಚಿನ ಉಪವಾಸದ ವಾರಗಳಲ್ಲಿ, ಮಕ್ಕಳು ಮಲಗಿದ ಮೇಲೆ ಹೆಂಗಸರು ಕೂತು ಬರೆಯುತ್ತಿದ್ದರು. ತೆನೆ ಬರೆದರೆ ಒಳ್ಳೆ ಬೆಳೆ. ಕೊನೆಯೇ ಇಲ್ಲದೆ ಸುತ್ತುವ ಗೆರೆ ಬರೆದರೆ ಮುಗಿಯದ ಬದುಕು. ಒಂದು ವಿನ್ಯಾಸದ ಹೆಸರಿನಲ್ಲೇ 40 ಇದೆ, ಉಪವಾಸದ 40 ದಿನಕ್ಕೆ. ಮೊಟ್ಟೆ ತುಂಬ ಬರೀ ತ್ರಿಕೋನ! ಬರೆದದ್ದನ್ನು ಬಂಧುಗಳಿಗೆ ಕೊಡುತ್ತಿದ್ದರು. ಹಸುವಿನ ಗೋದಲಿಯಲ್ಲೂ ಇಡುತ್ತಿದ್ದರು, ಜೇನುಗೂಡಿನ ಕೆಳಗೂ ಇಡುತ್ತಿದ್ದರು.

[ದೃಶ್ಯ: ಕಾರ್ಪಾಥಿಯನ್ ಬೆಟ್ಟಗಳು, ಮಂಜು.]

ಪಶ್ಚಿಮ ಉಕ್ರೇನಿನ ಈ ಬೆಟ್ಟಗಳ ಹುತ್ಸುಲ್ ಜನ ಒಂದು ಕತೆ ಹೇಳುತ್ತಾರೆ. ಬೆಟ್ಟದ ಬಂಡೆಗೆ ಒಬ್ಬ ದುಷ್ಟ ರಾಕ್ಷಸನನ್ನು ಸರಪಳಿಯಲ್ಲಿ ಕಟ್ಟಿದೆಯಂತೆ. ಈ ವರ್ಷ ಎಷ್ಟು ಪಿಸಂಕಾ ಬರೆದರು ಅಂತ ನೋಡಿ ಬರಲು ಅವನು ಪ್ರತಿವರ್ಷ ಸೇವಕರನ್ನು ಕಳಿಸುತ್ತಾನೆ. ಕಡಿಮೆ ಇದ್ದರೆ ಸರಪಳಿ ಸಡಿಲ. ಜಾಸ್ತಿ ಇದ್ದರೆ ಬಿಗಿ.

ಸೋವಿಯತ್ ಕಾಲದಲ್ಲಿ ಧರ್ಮದ ನಂಟಿರುವ ಈ ಪದ್ಧತಿಗೆ ಏಟು ಬಿತ್ತು. ಆದರೆ ವಲಸೆ ಹೋದವರು ಕಿಸ್ತ್ಕಾ ಬಿಡಲಿಲ್ಲ. ಕೆನಡಾದ ವೆಗ್ರೆವಿಲ್ ಊರಲ್ಲಿ 1975ರಲ್ಲಿ ನಿಲ್ಲಿಸಿದ ದೈತ್ಯ ಪಿಸಂಕಾ ಇವತ್ತಿಗೂ ಗಾಳಿಗೆ ತಿರುಗುತ್ತದೆ. ಉಕ್ರೇನಿನ ಕೊಲೊಮಿಯಾದಲ್ಲಿ 2000ದಲ್ಲಿ ಕಟ್ಟಿದ ಮ್ಯೂಸಿಯಂನ ಆಕಾರವೂ ಮೊಟ್ಟೆಯೇ. 2024ರಲ್ಲಿ, ಯುದ್ಧದ ನಡುವೆ, ಯುನೆಸ್ಕೋ ಪಟ್ಟಿಗೂ ಈ ಕಲೆ ಸೇರಿತು.

[ದೃಶ್ಯ: ಹಳೆಯ ಪಿಸಂಕಾ, ಕಿವಿಯ ಹತ್ತಿರ.]

ಇದು ಹಳೆಯದು. ಒಳಗಿನ ಹಳದಿ ಒಣಗಿ ಪುಟ್ಟ ಗೋಲಿಯಂತಾಗಿದೆ. ಮೆಲ್ಲಗೆ ಅಲ್ಲಾಡಿಸುತ್ತೇನೆ, ಕೇಳಿ.

[ಧ್ವನಿ: ಟಕ್, ಟಕ್.]